ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದ ಕಾರು: ಪಂಪ್ ಬದಲಿಸುವ ಮೊದಲು ಇದನ್ನು ನೋಡಿ

ಪ್ರಶ್ನೆ: ಸಾರ್, ಮೂಡಿಗೆರೆ ಹತ್ತಿರ ನಮ್ಮ ತೋಟ. 2012ರ ಸಣ್ಣ ಪೆಟ್ರೋಲ್ ಕಾರಿದೆ, 94,000 ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಎಷ್ಟೇ ಚಳಿ ಇರಲಿ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಚಿಕ್ಕಮಗಳೂರಿಗೆ ಹೋಗಿ, ಮೆಡಿಕಲ್ ಸ್ಟೋರ್ ಮುಂದೆ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಮತ್ತೆ ಸರಿ. ಬ್ಯಾಟರಿ ಹೊಸದು ಹಾಕಿಸಿದೆ, ಪ್ಲಗ್ ಬದಲಿಸಿದೆ. ಈಗ ಗ್ಯಾರೇಜಿನವರು ಫ್ಯೂಯಲ್ ಪಂಪ್ ಹಾಕೋಣ ಎನ್ನುತ್ತಿದ್ದಾರೆ. ಎಥನಾಲ್ ಪೆಟ್ರೋಲ್‌ನಿಂದಲೇ ಹೀಗೆ ಎಂದು ನಮ್ಮ ಭಾವ ಹೇಳುತ್ತಾರೆ. ಕಳೆದ ತಿಂಗಳು ಆಲ್ದೂರಿನ ಹತ್ತಿರ ಒಮ್ಮೆ ಓಡುತ್ತಿರುವಾಗಲೇ ಆಫ್ ಆಗಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ. ಮುಂದಿನ ವಾರ ಮನೆಯವರನ್ನೆಲ್ಲ ಕರೆದುಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಪಂಪ್ ಹಾಕಿಸಿಬಿಡಲಾ?

ಉತ್ತರ: ಪಂಪ್ ಈಗಲೇ ಬೇಡ. ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದಂತೆ ಬರೆದ ಆಲ್ದೂರಿನ ಮಾತು ಇದೆಯಲ್ಲ, ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ.

ಆವತ್ತು ಕಾರು ಹೇಗೆ ಆಫ್ ಆಯಿತು ಎಂದು ನೆನಪು ಮಾಡಿಕೊಳ್ಳಿ. ಮೊದಲು ಎಳೆತ ಕಡಿಮೆಯಾಗಿ, ಎರಡು ಮೂರು ಸಲ ಜಗ್ಗಿ, ಆಮೇಲೆ ನಿಂತಿತೇ? ಇಲ್ಲಾ ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಂದೇ ಸಲಕ್ಕೆ ನಿಂತಿತೇ? ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಜಗ್ಗಿ ಜಗ್ಗಿ ನಿಲ್ಲುತ್ತದೆ. ಪೈಪಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವ ತನಕ ಅದು ಒದ್ದಾಡುತ್ತದೆ. ಕಿಡಿ ಮತ್ತು ಪೆಟ್ರೋಲ್ ಎರಡೂ ಒಟ್ಟಿಗೆ ಕಡಿದುಹೋದರೆ ಯಾವ ಮುನ್ಸೂಚನೆಯೂ ಇರುವುದಿಲ್ಲ. ಮೀಟರಿನ ಆರ್‌ಪಿಎಂ ಮುಳ್ಳು ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಸೊನ್ನೆಗೆ ಬಿದ್ದುಬಿಡುತ್ತದೆ. ನಿಮ್ಮದು ಈ ಎರಡನೇ ರೀತಿ ಆಗಿದ್ದರೆ ನನ್ನ ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ.

ಆದರೆ ಅನುಮಾನದ ಮೇಲೆ ಅದನ್ನೂ ಬದಲಿಸಬೇಡಿ. ಬ್ಯಾಟರಿ, ಪ್ಲಗ್ ಎರಡೂ ಹಾಗೇ ಹೋದವು, ಅಲ್ವಾ? ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸರಿಹೋಗಬಹುದು, ಅಷ್ಟರಲ್ಲಿ ಕಾರಿನ ಅರ್ಧ ಬೆಲೆ ಕೈಬಿಟ್ಟಿರುತ್ತದೆ. ಈ ತೊಂದರೆ ಬಿಸಿಯಲ್ಲಿ ಮಾತ್ರ ಬದುಕಿರುತ್ತದೆ. ಹಾಗಾಗಿ ಪರೀಕ್ಷೆಯೂ ಬಿಸಿಯಲ್ಲೇ ಆಗಬೇಕು. ಸ್ಟಾರ್ಟ್ ಆಗದೆ ನಿಂತ ಜಾಗದಲ್ಲಿ, ಆ ಅರ್ಧ ಗಂಟೆಯೊಳಗೆ. ಮಾರನೇ ದಿನ ತಣ್ಣಗಿನ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರೆ ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಆದರೂ ಊಹೆ ಮಾಡಬೇಕಾಗುತ್ತದೆ. ಅದರಲ್ಲಿ ಅವರದೇನೂ ತಪ್ಪಿಲ್ಲ.

ಓಡುವಾಗ ಸರಿಯಿದ್ದು ನಿಂತ ಮೇಲೆ ಯಾಕೆ ಕೈಕೊಡುತ್ತದೆ ಎಂದು ಹಲವರು ಕೇಳುತ್ತಾರೆ. ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಸುತ್ತುತ್ತಿರುತ್ತದೆ, ಮುಂದಿನಿಂದ ಗಾಳಿ ಬರುತ್ತಿರುತ್ತದೆ. ಆಫ್ ಮಾಡಿದ ಕ್ಷಣ ಎರಡೂ ನಿಲ್ಲುತ್ತವೆ. ಎಂಜಿನ್ ಬ್ಲಾಕ್ ಮತ್ತು ಸೈಲೆನ್ಸರ್ ಮ್ಯಾನಿಫೋಲ್ಡ್‌ನಲ್ಲಿ ಉಳಿದ ಶಾಖ ಹೋಗಲು ಬೇರೆ ದಾರಿಯಿಲ್ಲದೆ ಸುತ್ತಲಿನ ಸೆನ್ಸರ್, ವೈರು, ಪೆಟ್ರೋಲ್ ಪೈಪಿಗೆ ಏರುತ್ತದೆ. ಆಫ್ ಮಾಡಿದ ಹತ್ತು ಇಪ್ಪತ್ತು ನಿಮಿಷದಲ್ಲಿ ಬಾನೆಟ್ ಒಳಗೆ ಓಡುವಾಗ ಇದ್ದುದಕ್ಕಿಂತ ಹೆಚ್ಚು ಬಿಸಿ ಇರುತ್ತದೆ. ನಿಮ್ಮ ಮೆಡಿಕಲ್ ಸ್ಟೋರ್ ಹೊತ್ತು ಸರಿಯಾಗಿ ಅದರೊಳಗೇ ಬೀಳುತ್ತದೆ.

ಅಲ್ಲಿ ನಿಂತಾಗ ಮೊದಲ ಕೆಲಸ ಸೆಲ್ಫ್ ಶಬ್ದ ಕೇಳುವುದು. ಬೆಳಿಗ್ಗೆ ಹೊಡೆಯುವಷ್ಟೇ ಚುರುಕಾಗಿ ಹೊಡೆಯುತ್ತಿದೆಯೇ, ಇಲ್ಲವೇ ಭಾರ ಎಳೆದಂತೆ ನಿಧಾನವಾಗಿದೆಯೇ? ಜೋರಾಗಿಯೇ ಹೊಡೆಯುತ್ತದೆ ಎಂದು ನೀವು ಬರೆದಿದ್ದೀರಿ. ಆ ಒಂದು ಮಾತಿನಿಂದ ಬ್ಯಾಟರಿ, ಸೆಲ್ಫ್ ಮೋಟರ್, ಅರ್ಥ್ ವೈರ್ ಮೂರೂ ಪಟ್ಟಿಯಿಂದ ಹೊರಗೆ ಹೋದವು. ಹೊಸ ಬ್ಯಾಟರಿ ಹಾಕಿಸುವ ಅಗತ್ಯವೇ ಇರಲಿಲ್ಲ ಎನ್ನುವುದು ಬೇಸರದ ಮಾತು, ಆದರೆ ಹೇಳಲೇಬೇಕು.

ಇದನ್ನು ಓದುವ ಬೇರೆಯವರ ಗಾಡಿ ಬಿಸಿಯಾದಾಗ ನಿಧಾನವಾಗಿ ಸೆಲ್ಫ್ ಹೊಡೆಯುತ್ತಿದ್ದರೆ ದಾರಿ ಬೇರೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುತ್ತದೆ. ಸೈಲೆನ್ಸರ್ ಪೈಪಿನ ಪಕ್ಕದಲ್ಲಿರುವ ಸೆಲ್ಫ್ ಮೋಟರ್ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಸುರುಳಿಯ ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಕಾಲು ಭಾಗ ಜಾಸ್ತಿಯಾಯಿತು. ಹೊಸ ಮೋಟರ್ ಇದನ್ನು ತಡೆದುಕೊಳ್ಳುತ್ತದೆ. ಬುಷ್ ಸವೆದು ಒಳಗೆ ತಿರುಗುವ ಆರ್ಮೇಚರ್ ಉಜ್ಜುತ್ತಿರುವ ಹಳೆಯದು ತಡೆದುಕೊಳ್ಳುವುದಿಲ್ಲ. ಆದರೂ ಮೋಟರ್ ಬಿಚ್ಚುವ ಮೊದಲು ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ನೋಡಿ. ಮಲೆನಾಡಿನ ಮಳೆಗೆ ಅದರ ಬೋಲ್ಟ್ ಕೆಳಗೆ ತುಕ್ಕು ಕೂತಿರುವುದು ಬಹಳ ಸಾಮಾನ್ಯ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಖಾಲಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಈಗ ನಿಮ್ಮ ಕಾರಿಗೆ ಬರೋಣ. ಸೆಲ್ಫ್ ಜೋರಾಗಿದೆ, ಎಂಜಿನ್ ಹಿಡಿಯುತ್ತಿಲ್ಲ. ಅಂದರೆ ಕಿಡಿ ಬರುತ್ತಿಲ್ಲ, ಇಲ್ಲಾ ಪೆಟ್ರೋಲ್ ಬರುತ್ತಿಲ್ಲ, ಇಲ್ಲಾ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ.

ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಮೊದಲಿನ ಎರಡೂ ಒಟ್ಟಿಗೆ ಆಗುತ್ತವೆ. ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಿದೆ, ಇಂಥ ಜಾಗದಲ್ಲಿದೆ ಎಂದು ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ತಿಳಿಸುವುದು ಅದರ ಕೆಲಸ. ಬಹಳಷ್ಟು ಕಾರುಗಳಲ್ಲಿ ಅದರೊಳಗೆ ಒಂದು ಆಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಆ ತಂತಿಯಲ್ಲೋ ಬೆಸುಗೆಯಲ್ಲೋ ಸಣ್ಣ ಬಿರುಕು ಬರುತ್ತದೆ. ತಣ್ಣಗಿದ್ದಾಗ ಎರಡು ತುದಿಯೂ ತಾಗಿಕೊಂಡಿರುತ್ತವೆ. ಬಿಸಿಯಾಗಿ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಆಗ ಎಂಜಿನ್ ತಿರುಗುತ್ತಿರುವುದೇ ಇಸಿಯುಗೆ ತಿಳಿಯುವುದಿಲ್ಲ. ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ತೆರೆಯುವುದಿಲ್ಲ. ತಣ್ಣಗಾದ ಮೇಲೆ ತುದಿಗಳು ಮತ್ತೆ ಕೂಡುತ್ತವೆ, ಗಾಡಿ ಸ್ಟಾರ್ಟ್ ಆಗುತ್ತದೆ. ನೀವು ಬರೆದ ಮುಕ್ಕಾಲು ಗಂಟೆ, ಆಲ್ದೂರು, ಬೆಳಗಿನ ಒಂದೇ ಸೆಲ್ಫ್, ಮೂರೂ ಇದಕ್ಕೆ ಹೊಂದುತ್ತವೆ.

ಖಚಿತ ಮಾಡಿಕೊಳ್ಳುವುದು ಹೀಗೆ. ಸ್ಟಾರ್ಟ್ ಆಗದಿದ್ದಾಗ ಸೆಲ್ಫ್ ಹೊಡೆಯುತ್ತಲೇ ಆರ್‌ಪಿಎಂ ಮುಳ್ಳು ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಸೆಲ್ಫ್ ಹೊಡೆಯುವಾಗ 200, 300ರ ಆಸುಪಾಸಿಗೆ ಸ್ವಲ್ಪವಾದರೂ ಏಳಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಮ್ಮೆ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಏಳುವ ಮುಳ್ಳು ಬಿಸಿಯಲ್ಲಿ ಅಲ್ಲಾಡದೆ ಮಲಗಿದ್ದರೆ ಅದು ದೊಡ್ಡ ಸುಳಿವು. ಇನ್ನೂ ನಂಬಿಕೆಯ ದಾರಿ ಸ್ಕ್ಯಾನರ್. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿ, ಸೆಲ್ಫ್ ಹೊಡೆಯುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ ಸೊನ್ನೆ ತೋರಿಸುತ್ತದೆಯೇ ನೋಡಬೇಕು. ಪಿ0335 ಎಂಬ ಕೋಡ್ ಕೂತಿದ್ದರೆ ಅದು ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನದು. ಕೋಡ್ ಇಲ್ಲ, ಎಂಜಿನ್ ಲೈಟ್ ಬಂದಿಲ್ಲ ಎಂದು ಸೆನ್ಸರ್ ಸರಿಯಿದೆ ಎಂದುಕೊಳ್ಳಬೇಡಿ. ಬಂದು ಹೋಗುವ ದೋಷ ಎಷ್ಟೋ ಸಲ ಗುರುತು ಬಿಡುವುದಿಲ್ಲ.

ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೊಂದು ನೇರ ಪರೀಕ್ಷೆ ಇದೆ. ಒದ್ದೆ ಬಟ್ಟೆಯನ್ನು ಆ ಸೆನ್ಸರ್ ಮೇಲೆ ಮಾತ್ರ ಇಟ್ಟು ಒಂದೆರಡು ನಿಮಿಷ ತಣ್ಣಗೆ ಮಾಡುವುದು. ಬಟ್ಟೆ ತೆಗೆದು ಕೀ ತಿರುಗಿಸಿದ ತಕ್ಷಣ ಎಂಜಿನ್ ಹಿಡಿದರೆ ಅಪರಾಧಿ ಸಿಕ್ಕಂತೆ. ಬಕೆಟ್ ನೀರು ಸುರಿಯಬೇಡಿ. ಕೆಂಪಗೆ ಕಾದ ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಆಲ್ಟರ್ನೇಟರ್ ಒಳಗೆ ಹೋದರೆ ಅದು ಬೇರೆ ರಗಳೆ. ಸೆನ್ಸರ್ ಗೇರ್‌ಬಾಕ್ಸ್ ಸೇರುವ ಕಡೆ ಫ್ಲೈವೀಲ್ ಹತ್ತಿರವೋ, ಮುಂದೆ ಕ್ರ್ಯಾಂಕ್ ಪುಲ್ಲಿ ಹತ್ತಿರವೋ ಇರುತ್ತದೆ. ಎರಡು ವೈರಿನ ಸೆನ್ಸರ್ ಆದರೆ ಸಾಕೆಟ್ ಕಳಚಿ ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಬಹುದು. ತಣ್ಣಗಿದ್ದಾಗ ಕೆಲವು ನೂರರಿಂದ ಸಾವಿರದ ಆಸುಪಾಸು ತೋರಿಸಿ, ಬಿಸಿಯಲ್ಲಿ ಓಪನ್, ಅಂದರೆ ತಂತಿ ಕಡಿದಂತೆ ತೋರಿಸಿದರೆ ಮಾತು ಮುಗಿಯಿತು. ಮೂರು ವೈರಿನದಾದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವಂಥದ್ದು, ಓಮ್ಸ್ ನೋಡಿ ಪ್ರಯೋಜನವಿಲ್ಲ. ಅದಕ್ಕೆ ಸ್ಕ್ಯಾನರಿನ ಆರ್‌ಪಿಎಂ ಸಾಕು.

ಇಲ್ಲಿ ಒಂದು ಎಚ್ಚರ. ಸೆನ್ಸರ್ ಸರಿಯಿದ್ದು ಅದರ ವೈರು ಹಾಳಾಗಿದ್ದರೂ ಲಕ್ಷಣ ಇದೇ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿನ ವೈರನ್ನು ಇಲಿ ಕಡಿಯುವುದು ನಮ್ಮ ಕಡೆ ಹೊಸದಲ್ಲ. ಕಡಿದ ಜಾಗದಲ್ಲಿ ಒಂದೆರಡು ಎಳೆ ಉಳಿದುಕೊಂಡು ಹೇಗೋ ನಡೆಯುತ್ತಿರುತ್ತದೆ. ಸೆನ್ಸರ್‌ನಿಂದ ಹಿಂದಕ್ಕೆ ಕೈಯಾಡಿಸುತ್ತಾ ಹೋಗಿ. ಸಾಕೆಟ್ ಒಳಗೆ ಆಯಿಲ್ ಅಥವಾ ಹಸಿರು ಕಿಲುಬು ಕಟ್ಟಿದೆಯೇ ನೋಡಿ. ಪ್ರೆಶರ್ ವಾಶ್ ಮಾಡಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಇದನ್ನೇ ಮೊದಲು ನೋಡಬೇಕು.

ಆರ್‌ಪಿಎಂ ಸರಿಯಾಗಿ ಬರುತ್ತಿದ್ದೂ ಎಂಜಿನ್ ಹಿಡಿಯದಿದ್ದರೆ ಆಗ ಪೆಟ್ರೋಲಿನ ಕಡೆ ತಿರುಗೋಣ. ಗ್ಯಾರೇಜಿನವರು ಪಂಪ್ ಹೇಳಿದ್ದು ಪೂರ್ತಿ ಆಧಾರವಿಲ್ಲದ ಮಾತಲ್ಲ. ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಕಾರುಗಳಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನೊಳಗೆ, ಅಂದರೆ ರೈಲಿನೊಳಗೆ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಇರುತ್ತದೆ. ಎಂಜಿನ್ ಆಫ್ ಆದ ಮೇಲೂ ಈ ಒತ್ತಡ ಸ್ವಲ್ಪ ಹೊತ್ತು ನಿಲ್ಲಬೇಕು. ನಿಲ್ಲಿಸುವುದು ಪಂಪಿನೊಳಗಿನ ಒಂದು ಪುಟ್ಟ ವಾಲ್ವ್. ಅದು ಸೋರಿದರೆ ಒತ್ತಡ ಇಳಿದು, ಬಿಸಿ ರೈಲಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಇಂಜೆಕ್ಟರ್ ತೆರೆದಾಗ ಪೆಟ್ರೋಲ್ ಬದಲು ಆವಿ ಹೋಗುತ್ತದೆ.

ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ಕೀಯನ್ನು ಆನ್ ಸ್ಥಾನಕ್ಕೆ ತಂದು ನಿಲ್ಲಿಸಿ. ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಎಂಬ ಸದ್ದು ಬರಬೇಕು, ಅದು ಪಂಪ್. ಸದ್ದೇ ಇಲ್ಲದಿದ್ದರೆ ಪಂಪ್‌ಗೆ ಮುಂಚೆ ಅದರ ರಿಲೇ ಮತ್ತು ಫ್ಯೂಸ್ ನೋಡಿ, ಬಿಸಿಯಾದಾಗ ಕೈಕೊಡುವ ರಿಲೇಗಳೂ ಇವೆ. ಸದ್ದು ಬಂದರೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಇಷ್ಟಕ್ಕೇ ಸ್ಟಾರ್ಟ್ ಆದರೆ ಒತ್ತಡ ಇಳಿಯುತ್ತಿದೆ ಎಂದರ್ಥ. ಆಗ ಪ್ರೆಶರ್ ಗೇಜ್ ಹಾಕಿಸಿ ನೋಡಿ, ಆಫ್ ಮಾಡಿದ ಕೂಡಲೇ ಮುಳ್ಳು ಸೊನ್ನೆಗೆ ಜಾರುತ್ತಿದ್ದರೆ ಪಂಪ್ ಬದಲಿಸುವ ಮಾತಿಗೆ ಅರ್ಥ ಬರುತ್ತದೆ. ಗೇಜ್ ಹಾಕದೆ ಪಂಪ್ ಬದಲಿಸಲು ಒಪ್ಪಬೇಡಿ.

ಇದರಿಂದ ಆಗದಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದು ನೋಡಿ. ಹೆಚ್ಚಿನ ಎಂಪಿಎಫ್‌ಐ ಕಾರುಗಳಲ್ಲಿ ಪೆಡಲ್ ಪೂರ್ತಿ ಒತ್ತಿದ್ದರೆ ಸೆಲ್ಫ್ ಹೊಡೆಯುವಾಗ ಇಸಿಯು ಪೆಟ್ರೋಲ್ ನಿಲ್ಲಿಸಿ ಗಾಳಿ ಮಾತ್ರ ಬಿಡುತ್ತದೆ. ಹಾಗೆ ಮಾಡಿದಾಗ ಒದ್ದಾಡಿಕೊಂಡು, ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ. ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲ್ ವಾಸನೆಯೂ ಬರುತ್ತದೆ. ಸೋರುವ ಇಂಜೆಕ್ಟರ್ ಒಂದು ಕಾರಣ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಇನ್ನೊಂದು. ಅದು ಕೆಟ್ಟು, ಎಂಜಿನ್ 90 ಡಿಗ್ರಿ ಇರುವಾಗ ತಣ್ಣಗಿದೆ ಎಂದು ಹೇಳಿದರೆ ಇಸಿಯು ಚಳಿಗಾಲದ ಬೆಳಗಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುವುದೂ ಅದೇ ಕಾರಣಕ್ಕೆ. ಸ್ಕ್ಯಾನರಿನಲ್ಲಿ ಇದನ್ನು ಹಿಡಿಯುವುದು ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿ ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಬಿಸಿಯಾದ ಮೇಲೆ ಕೂಲೆಂಟ್ 80, 90ಕ್ಕೆ ಏರಬೇಕು. ಇದು ತಪ್ಪಿದರೆ ಆ ಸೆನ್ಸರ್ ಬದಲಿಸಿ. ಬಿಸಿಯಲ್ಲಿ ಅದನ್ನು ಬಿಚ್ಚಬೇಡಿ, ರೇಡಿಯೇಟರ್ ಮುಚ್ಚಳವನ್ನೂ ತೆರೆಯಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವ ಕಾರುಗಳಿವೆ. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದ್ದರೆ ಹಾಗಾಗುತ್ತದೆ. ನಿಮ್ಮದು ಅದಲ್ಲ.

ಎಥನಾಲ್ ವಿಷಯ. ಭಾವನವರ ಮಾತನ್ನು ತಳ್ಳಿಹಾಕುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರ ತನಕ ಎಥನಾಲ್ ಇದೆ, ನಿಮ್ಮ 2012ರ ಕಾರು ಅದಕ್ಕೆಂದು ಮಾಡಿದ್ದಲ್ಲ. ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು. ಬಾನೆಟ್ ತೆಗೆದಾಗ ಪೈಪುಗಳನ್ನು ಕೈಯಲ್ಲಿ ಒತ್ತಿ ನೋಡಿ, ಬಿರುಕು ಅಥವಾ ಜಿಗುಟು ಕಂಡರೆ ಬದಲಿಸಿ. ಪೆಟ್ರೋಲ್ ವಾಸನೆ ಬಾನೆಟ್ ಒಳಗಿಂದಲೇ ಬರುತ್ತಿದ್ದರೆ ಸೆಲ್ಫ್ ಹೊಡೆಯಲೇಬೇಡಿ, ಬೆಂಕಿಯ ಅಪಾಯ. ಆದರೆ ಜೋರಾಗಿ ಸೆಲ್ಫ್ ಹೊಡೆದೂ ಒಂದು ಸಲವೂ ಹಿಡಿಯದೆ, ಮುಕ್ಕಾಲು ಗಂಟೆಗೆ ಸರಿಯಾಗಿ ಎದ್ದು ಕೂರುವುದು ಎಥನಾಲ್ ಒಂದರಿಂದ ಆಗುವಂಥದ್ದಲ್ಲ.

ಹಿಂದೆ ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಘಾಟಿ ಹತ್ತುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದರು. ಅವುಗಳ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುತ್ತಿತ್ತು, ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದುಕೊಳ್ಳುತ್ತಿತ್ತು. ಬಿಸಿಗೆ ಪೈಪಿನಲ್ಲೇ ಆವಿ ಕಟ್ಟುತ್ತಿತ್ತು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಆವಿಯಾಗುವುದು ಇನ್ನೂ ಬೇಗ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಭಾಗ ಮಾತ್ರ. ಆ ಮದ್ದು ಆ ಕಾರುಗಳಿಗೆ ಸರಿಯಾಗಿತ್ತು. ನಿಮ್ಮ ಕಾರಿನ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿದೆ, ಅದಕ್ಕೆ ಬಟ್ಟೆ ಸುತ್ತುವ ಪ್ರಶ್ನೆಯಿಲ್ಲ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಪಂಪ್ ತಣ್ಣಗಿರುತ್ತದೆ.

ತೋಟದಲ್ಲಿ ಡೀಸೆಲ್ ಜೀಪು, ಪಿಕಪ್ ಇರುವವರಿಗೆ ಒಂದು ಮಾತು. ಕಾಮನ್ ರೈಲ್ ಡೀಸೆಲ್ ಬಿಸಿಯಲ್ಲಿ ಸತಾಯಿಸಿದರೆ ಇಂಜೆಕ್ಟರಿನ ರಿಟರ್ನ್ ಎಷ್ಟಿದೆ ಎಂದು ಬಾಟಲಿ ಕಟ್ಟಿ ಅಳೆಯಿಸಿ. ಬಿಸಿಗೆ ಡೀಸೆಲ್ ತೆಳುವಾಗುತ್ತದೆ, ಸವೆದ ಇಂಜೆಕ್ಟರಿನಿಂದ ವಾಪಸು ಹೋಗುವುದು ಜಾಸ್ತಿಯಾಗಿ ರೈಲಿನಲ್ಲಿ ಒತ್ತಡ ಏರುವುದಿಲ್ಲ.

ಈಗ ಧರ್ಮಸ್ಥಳ. ಇದು ಸರಿಯಾಗುವ ತನಕ ಈ ಕಾರಿನಲ್ಲಿ ಚಾರ್ಮಾಡಿ ಇಳಿಯಬೇಡಿ. ಮೆಡಿಕಲ್ ಸ್ಟೋರ್ ಮುಂದೆ ಸ್ಟಾರ್ಟ್ ಆಗದಿರುವುದು ಕಿರಿಕಿರಿ ಅಷ್ಟೇ. ಕೊಟ್ಟಿಗೆಹಾರ ದಾಟಿ ಇಳಿಜಾರಿನ ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಆಫ್ ಆಗುವುದು ಅಪಾಯ. ಆಲ್ದೂರಿನಲ್ಲಿ ಆಗಿದ್ದು ಅಲ್ಲಿಯೂ ಆಗಬಹುದು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಎಲ್ಲಾದರೂ ಹಾಗಾದರೆ ಬ್ರೇಕನ್ನು ಒತ್ತಿ ಬಿಟ್ಟು ಮಾಡಬೇಡಿ. ಒಂದೇ ಸಮನೆ ಒತ್ತಿ ಹಿಡಿದು, ಗೇರಿನಲ್ಲೇ ಇಟ್ಟು, ಎಡಕ್ಕೆ ತಂದು ನಿಲ್ಲಿಸಿ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗುತ್ತದೆ. ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನವೂ ಬೇಡ. ಸಿಗ್ನಲ್ಲೇ ಇಲ್ಲದ ಎಂಜಿನ್ ತಳ್ಳಿದರೂ ಹಿಡಿಯುವುದಿಲ್ಲ. ಪೆಟ್ರೋಲ್ ಜಾಸ್ತಿಯಾಗಿದ್ದರೆ ಅದು ಉರಿಯದೆ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ.

ಹೀಗೆ ಮಾಡಿ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಮೊದಲೇ ಫೋನ್ ಮಾಡಿ, ಬಿಸಿ ಗಾಡಿ ತರುತ್ತೇನೆ, ಬಂದ ಕೂಡಲೇ ನೋಡಬೇಕು ಎಂದು ಹೇಳಿ. ಓಡಿಸಿಕೊಂಡು ಹೋಗಿ ಅವರ ಬಾಗಿಲಲ್ಲೇ ಆಫ್ ಮಾಡಿ, ಬಾನೆಟ್ ಮುಚ್ಚಿಟ್ಟು ಕಾಲು ಗಂಟೆ ಬಿಡಿ. ಹಿಡಿಯದಿದ್ದಾಗ ಅವರ ಕಣ್ಣೆದುರೇ ಆರ್‌ಪಿಎಂ ನೋಡಿಸಿ. ಅಷ್ಟರೊಳಗೆ ಪೇಟೆಯಲ್ಲಿ ಎಲ್ಲಾದರೂ ಕೈಕೊಟ್ಟರೆ ಫೋನಿನಲ್ಲಿ ಮೀಟರ್ ಕಾಣುವಂತೆ, ಸೆಲ್ಫ್ ಶಬ್ದ ಕೇಳುವಂತೆ ವಿಡಿಯೋ ಮಾಡಿಟ್ಟುಕೊಳ್ಳಿ. ಇಮೊಬಿಲೈಸರ್, ಅಂದರೆ ಕೀ ಗುರುತಿನ ಲೈಟ್ ಮಿಣುಕುತ್ತಿದೆಯೇ ಎನ್ನುವುದೂ ಅದರಲ್ಲಿ ಸಿಗುತ್ತದೆ.

ಕ್ರ್ಯಾಂಕ್ ಸೆನ್ಸರ್ ಎಂದೇ ಖಚಿತವಾದರೆ ಕಂಪನಿಯದೇ ಅಥವಾ ಕಂಪನಿಗೆ ಸರಬರಾಜು ಮಾಡುವ ತಯಾರಕರದೇ ಹಾಕಿಸಿ. ಪಂಪಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ, ಹೆಚ್ಚಿನ ಕಾರುಗಳಲ್ಲಿ ಒಂದೇ ಬೋಲ್ಟಿನ ಕೆಲಸ. ಹಾಕುವ ಮೊದಲು ಕೂರುವ ಜಾಗ ಒರೆಸಲು ಹೇಳಿ. ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿಕೊಂಡರೆ ಹೊಸ ಸೆನ್ಸರೂ ತಪ್ಪು ಸಿಗ್ನಲ್ ಕೊಡುತ್ತದೆ. ಹಾಕಿಸಿದ ಮೇಲೆ ಮನೆಯವರನ್ನು ಕೂರಿಸಿಕೊಳ್ಳುವ ಮೊದಲು ಒಬ್ಬರೇ ಕೊಟ್ಟಿಗೆಹಾರದ ತನಕ ಹೋಗಿ. ಅಲ್ಲಿ ಬಾನೆಟ್ ತೆರೆಯದೆ ಕಾಲು ಗಂಟೆ ನಿಲ್ಲಿಸಿ, ನೀರುದೋಸೆ ತಿಂದು ಬಂದು ಕೀ ತಿರುಗಿಸಿ. ವಾಪಸು ಮೂಡಿಗೆರೆ ಹ್ಯಾಂಡ್‌ಪೋಸ್ಟಿನಲ್ಲಿ ಇನ್ನೊಮ್ಮೆ ಹಾಗೇ ಮಾಡಿ. ಮತ್ತೆರಡು ದಿನ ಪೇಟೆ ಓಡಾಟದಲ್ಲೂ ಬಿಸಿಯಲ್ಲಿ ಒಂದೇ ಸೆಲ್ಫ್‌ಗೆ ಹಿಡಿದರೆ ಧರ್ಮಸ್ಥಳಕ್ಕೆ ಹೊರಡಿ. ಒಂದು ಸಲ ತಪ್ಪಿದರೂ ಆ ವಾರಕ್ಕೆ ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಹೋಗಿ ಬನ್ನಿ. ಆಗ ಪ್ರೆಶರ್ ಗೇಜಿನಲ್ಲಿ ಕಂಡ ಅಂಕಿ, ಸ್ಕ್ಯಾನರಿನಲ್ಲಿ ಕಂಡ ಕೂಲೆಂಟ್ ಉಷ್ಣತೆ ಎರಡನ್ನೂ ನನಗೆ ಬರೆದು ಕಳಿಸಿ.